ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆ

ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯು (ಜಪಾನಿಯಲ್ಲಿ: ನಿಹೊಂಗೊ ನೋರ್ಯೊಕು ಶಿಕೆನ್) ಜಪಾನಿಯನ್ನು ಮಾತೃಭಾಷೆಯಾಗಿ ಹೊಂದಿಲ್ಲದವರ ಭಾಷಾಜ್ಞಾನವನ್ನು ಅಳೆದು ಪ್ರಮಾಣಪತ್ರ ನೀಡುವ ಅಂತರರಾಷ್ಟ್ರೀಯ ಪರೀಕ್ಷೆಯಾಗಿದೆ. ಜೆಎಲ್‌ಪಿಟಿ ಎಂಬ ಸಂಕ್ಷಿಪ್ತ ನಾಮದಿಂದ ಇದು ಪ್ರಸಿದ್ಧವಾಗಿದೆ. ಜಪಾನ್ ಫೌಂಡೇಶನ್ ಮತ್ತು ಜಪಾನ್ ಎಜುಕೇಶನಲ್ ಎಕ್ಸ್‌ಚೇಂಜಸ್ ಅಂಡ್ ಸರ್ವೀಸಸ್ ಎಂಬ ಎರಡು ಸಂಸ್ಥೆಗಳು ಇದನ್ನು ನಡೆಸುತ್ತವೆ. ಜಪಾನಿನೊಳಗೆ ಎರಡನೆಯ ಸಂಸ್ಥೆಯು, ಹೊರದೇಶಗಳಲ್ಲಿ ಸ್ಥಳೀಯ ಸಂಸ್ಥೆಗಳ ಸಹಕಾರದೊಂದಿಗೆ ಜಪಾನ್ ಫೌಂಡೇಶನ್ ಪರೀಕ್ಷೆಯ ಹೊಣೆ ಹೊತ್ತಿವೆ. ಓದಿ ಅರ್ಥಮಾಡಿಕೊಳ್ಳುವ ಮತ್ತು ಕೇಳಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯಗಳು ಮಾತ್ರ ಇಲ್ಲಿ ಪರೀಕ್ಷೆಗೆ ಒಳಪಡುತ್ತವೆ. ಮಾತನಾಡುವ ಮತ್ತು ಬರೆಯುವ ಸಾಮರ್ಥ್ಯಗಳನ್ನು ಪರೀಕ್ಷಿಸುವುದಿಲ್ಲ.

ಇತಿಹಾಸ

ಈ ಪರೀಕ್ಷೆಯು 1984ರಲ್ಲಿ ಆರಂಭವಾಯಿತು. ಮೊದಲ ವರ್ಷ ಜಗತ್ತಿನಾದ್ಯಂತ ಸುಮಾರು 7,000 ಮಂದಿ ಹಾಜರಾಗಿದ್ದರು. 2019ರ ಹೊತ್ತಿಗೆ ವರ್ಷವೊಂದರ ಅರ್ಜಿದಾರರ ಸಂಖ್ಯೆ 13 ಲಕ್ಷವನ್ನು ಮೀರಿತು.

ಆರಂಭದಲ್ಲಿ ನಾಲ್ಕು ಹಂತಗಳಿದ್ದವು. ಹಳೆಯ ಪದ್ಧತಿಯಲ್ಲಿ ಅತ್ಯಂತ ಸುಲಭವಾದ ನಾಲ್ಕನೆಯ ಹಂತಕ್ಕೆ ಸುಮಾರು 100 ಕಾಂಜಿ ಲಿಪಿಚಿಹ್ನೆಗಳು ಮತ್ತು 800 ಪದಗಳು, ಮೂರನೆಯ ಹಂತಕ್ಕೆ 300 ಚಿಹ್ನೆಗಳು ಮತ್ತು 1,500 ಪದಗಳು, ಎರಡನೆಯ ಹಂತಕ್ಕೆ 1,000 ಚಿಹ್ನೆಗಳು ಮತ್ತು 6,000 ಪದಗಳು, ಒಂದನೆಯ ಹಂತಕ್ಕೆ 2,000 ಚಿಹ್ನೆಗಳು ಮತ್ತು 10,000 ಪದಗಳು ತಿಳಿದಿರಬೇಕೆಂದು ಸೂಚಿಸಲಾಗಿತ್ತು. ಮೂರನೆಯ ಮತ್ತು ಎರಡನೆಯ ಹಂತಗಳ ನಡುವಿನ ಅಂತರ ಬಹಳ ದೊಡ್ಡದಾಗಿದ್ದುದರಿಂದ ಅನೇಕ ಅಭ್ಯಾಸಿಗಳು ಅಲ್ಲಿಯೇ ನಿಂತುಬಿಡುತ್ತಿದ್ದರು. 2010ರಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿದಾಗ ಈ ಅಂತರವನ್ನು ತುಂಬಲು ಹೊಸದೊಂದು ಹಂತವನ್ನು ಸೇರಿಸಿ, ಒಟ್ಟು ಐದು ಹಂತಗಳನ್ನು ರೂಪಿಸಲಾಯಿತು. ಹೊಸ ಪದ್ಧತಿಯಲ್ಲಿ ಪದಗಳ ಅಥವಾ ಕಾಂಜಿಗಳ ಅಧಿಕೃತ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಮಾರುಕಟ್ಟೆಯಲ್ಲಿ ದೊರೆಯುವ ಪಟ್ಟಿಗಳು ಹಳೆಯ ಪ್ರಶ್ನೆಗಳನ್ನೂ ಹಿಂದಿನ ಸೂಚಿಗಳನ್ನೂ ಆಧರಿಸಿದ ಅಂದಾಜುಗಳಷ್ಟೇ.

ಹಂತಗಳು

ಹಂತಗಳ ಹೆಸರಿನಲ್ಲಿರುವ 'ಎನ್' ಅಕ್ಷರವು 'ನಿಹೊಂಗೊ' (ಜಪಾನಿ ಭಾಷೆ) ಮತ್ತು 'ನ್ಯೂ' (ಹೊಸ) ಎಂಬ ಎರಡೂ ಪದಗಳನ್ನು ಸೂಚಿಸುತ್ತದೆ. ಸಂಖ್ಯೆ ಇಳಿದಂತೆ ಹಂತ ಕಠಿಣವಾಗುತ್ತದೆ.

- ಎನ್5: ಹಿರಗನ, ಕತಕನ ಮತ್ತು ಸರಳ ಕಾಂಜಿಗಳಲ್ಲಿರುವ ವಾಕ್ಯಗಳನ್ನು ಓದುವುದು, ನಿಧಾನವಾದ ಚಿಕ್ಕ ಸಂಭಾಷಣೆಗಳನ್ನು ಗ್ರಹಿಸುವುದು.
- ಎನ್4: ದಿನನಿತ್ಯದ ಪರಿಚಿತ ವಿಷಯಗಳ ಬರಹವನ್ನೂ ತುಸು ನಿಧಾನವಾದ ಮಾತನ್ನೂ ಗ್ರಹಿಸುವುದು.
- ಎನ್3: ದಿನಬಳಕೆಯ ಭಾಷೆಯನ್ನು ಒಂದು ಮಟ್ಟಿಗೆ ಗ್ರಹಿಸುವುದು, ಪತ್ರಿಕೆಗಳ ಶೀರ್ಷಿಕೆಗಳಿಂದ ಸುದ್ದಿಯ ಸಾರ ತಿಳಿಯುವುದು.
- ಎನ್2: ಪತ್ರಿಕಾ ಲೇಖನಗಳನ್ನು, ಸರಳ ವಿಮರ್ಶೆಗಳನ್ನು ಮತ್ತು ಸಹಜ ವೇಗಕ್ಕೆ ಹತ್ತಿರವಾದ ಮಾತನ್ನು ಗ್ರಹಿಸುವುದು.
- ಎನ್1: ಸಂಪಾದಕೀಯ, ವಿಮರ್ಶೆ ಮೊದಲಾದ ಗಹನ ಬರಹಗಳನ್ನೂ ಸಹಜ ವೇಗದ ಉಪನ್ಯಾಸಗಳನ್ನೂ ಗ್ರಹಿಸುವುದು.

ಒಂದು ಹಂತಕ್ಕೆ ಹಾಜರಾಗಲು ಅದರ ಕೆಳಗಿನ ಹಂತದಲ್ಲಿ ಉತ್ತೀರ್ಣರಾಗಿರಬೇಕೆಂಬ ನಿಯಮವಿಲ್ಲ. ವಯೋಮಿತಿಯೂ ಇಲ್ಲ. ಆದರೆ ಒಂದು ಬಾರಿಗೆ ಒಂದೇ ಹಂತದ ಪರೀಕ್ಷೆಗೆ ಹಾಜರಾಗಬಹುದು.

ಅಂಕಗಳು ಮತ್ತು ಉತ್ತೀರ್ಣತೆ

ಎಲ್ಲ ಪ್ರಶ್ನೆಗಳೂ ಬಹು ಆಯ್ಕೆಯ ರೂಪದಲ್ಲಿದ್ದು, ಉತ್ತರ ಪತ್ರಿಕೆಯಲ್ಲಿ ಪೆನ್ಸಿಲಿನಿಂದ ವೃತ್ತ ತುಂಬಬೇಕು. ಒಟ್ಟು ಅಂಕಗಳು 180. ಎನ್1, ಎನ್2 ಮತ್ತು ಎನ್3 ಹಂತಗಳಲ್ಲಿ ಭಾಷಾಜ್ಞಾನ (ಪದಸಂಪತ್ತು ಹಾಗೂ ವ್ಯಾಕರಣ), ವಾಚನ ಮತ್ತು ಶ್ರವಣ ಎಂಬ ಮೂರು ವಿಭಾಗಗಳಿಗೆ ತಲಾ 60 ಅಂಕಗಳಿವೆ. ಎನ್4 ಮತ್ತು ಎನ್5 ಹಂತಗಳಲ್ಲಿ ಭಾಷಾಜ್ಞಾನ ಮತ್ತು ವಾಚನವನ್ನು ಒಂದುಗೂಡಿಸಿ 120 ಅಂಕಗಳನ್ನೂ, ಶ್ರವಣಕ್ಕೆ 60 ಅಂಕಗಳನ್ನೂ ನಿಗದಿಪಡಿಸಲಾಗಿದೆ.

ಉತ್ತೀರ್ಣರಾಗಲು ಬೇಕಾದ ಒಟ್ಟು ಅಂಕಗಳು ಎನ್1ಕ್ಕೆ 100, ಎನ್2ಕ್ಕೆ 90, ಎನ್3ಕ್ಕೆ 95, ಎನ್4ಕ್ಕೆ 90 ಮತ್ತು ಎನ್5ಕ್ಕೆ 80. ಇದರೊಂದಿಗೆ 60 ಅಂಕಗಳ ಪ್ರತಿ ವಿಭಾಗದಲ್ಲೂ ಕನಿಷ್ಠ 19, 120 ಅಂಕಗಳ ವಿಭಾಗದಲ್ಲಿ ಕನಿಷ್ಠ 38 ಅಂಕಗಳನ್ನು ಪಡೆಯಲೇಬೇಕು. ಉದಾಹರಣೆಗೆ, ಎನ್3 ಹಂತದಲ್ಲಿ ಭಾಷಾಜ್ಞಾನಕ್ಕೆ 50, ವಾಚನಕ್ಕೆ 45 ಮತ್ತು ಶ್ರವಣಕ್ಕೆ 18 ಅಂಕ ಪಡೆದವರ ಮೊತ್ತ 113 ಆಗುತ್ತದೆ. ಮೊತ್ತವು ಅಗತ್ಯಕ್ಕಿಂತ ಹೆಚ್ಚಿದ್ದರೂ ಶ್ರವಣದಲ್ಲಿ ಒಂದು ಅಂಕ ಕಡಿಮೆಯಾದ ಕಾರಣ ಅವರು ಅನುತ್ತೀರ್ಣರಾಗುತ್ತಾರೆ. ತೇರ್ಗಡೆಯಾದ ವಿಭಾಗದ ಅಂಕಗಳನ್ನು ಮುಂದಿನ ಪರೀಕ್ಷೆಗೆ ಉಳಿಸಿಕೊಳ್ಳುವ ಅವಕಾಶವಿಲ್ಲ. ಮತ್ತೊಮ್ಮೆ ಎಲ್ಲ ವಿಭಾಗಗಳಿಗೂ ಹಾಜರಾಗಬೇಕು.

ವರದಿಯಾಗುವ ಅಂಕಗಳು ಸರಿಯುತ್ತರಗಳ ನೇರ ಎಣಿಕೆಯಲ್ಲ. ಬೇರೆ ಬೇರೆ ಬಾರಿಯ ಪ್ರಶ್ನೆಪತ್ರಿಕೆಗಳ ಕಾಠಿಣ್ಯದ ವ್ಯತ್ಯಾಸವನ್ನು ಸರಿದೂಗಿಸಲು ಸಂಖ್ಯಾಶಾಸ್ತ್ರೀಯ ವಿಧಾನದಿಂದ ಅವುಗಳನ್ನು ಸಮಾನ ಮಾನಕಕ್ಕೆ ಹೊಂದಿಸಲಾಗುತ್ತದೆ.

ಉಪಯೋಗಗಳು

ಜಪಾನಿನ ಉನ್ನತ ಕೌಶಲದ ವಿದೇಶಿ ವೃತ್ತಿಪರರ ವಲಸೆ ವ್ಯವಸ್ಥೆಯಲ್ಲಿ 70 ಅಂಕಗಳು ಅಗತ್ಯವಾಗಿದ್ದು, ಎನ್1 ಉತ್ತೀರ್ಣರಿಗೆ 15 ಮತ್ತು ಎನ್2 ಉತ್ತೀರ್ಣರಿಗೆ 10 ಅಂಕಗಳು ದೊರೆಯುತ್ತವೆ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ನಿರ್ದಿಷ್ಟ ಕೌಶಲ' ಕಾರ್ಮಿಕ ವೀಸಾಕ್ಕೆ ಸಾಮಾನ್ಯವಾಗಿ ಎನ್4 ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯ ತೇರ್ಗಡೆ ಬೇಕು. ಜಪಾನಿನಲ್ಲಿ ಕಚೇರಿ ಉದ್ಯೋಗ ನೀಡುವ ಅನೇಕ ಕಂಪನಿಗಳು ಎನ್2 ಅಥವಾ ಎನ್1 ಪ್ರಮಾಣಪತ್ರವನ್ನು ಕೇಳುತ್ತವೆ. ಪ್ರಮಾಣಪತ್ರಕ್ಕೆ ಕಾಲಮಿತಿಯಿಲ್ಲ. ಆದರೂ ಕೆಲವು ಸಂಸ್ಥೆಗಳು ಇತ್ತೀಚಿನ ಫಲಿತಾಂಶವನ್ನೇ ಬಯಸುವುದುಂಟು.

ಭಾರತದಲ್ಲಿ ಪರೀಕ್ಷೆ

ಭಾರತದಲ್ಲಿ ನವದೆಹಲಿ, ಮುಂಬಯಿ, ಪುಣೆ, ಚೆನ್ನೈ, ಕೋಲ್ಕತ್ತ, ಬೆಂಗಳೂರು ಮೊದಲಾದ ನಗರಗಳಲ್ಲಿ ಪರೀಕ್ಷಾ ಕೇಂದ್ರಗಳಿವೆ. ಪರೀಕ್ಷೆಯು ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಭಾನುವಾರದಂದು ನಡೆಯುತ್ತದೆ. ನೋಂದಣಿಯು ಕೆಲವು ತಿಂಗಳುಗಳ ಮೊದಲೇ ಮುಗಿಯುತ್ತದೆ.

ಕನ್ನಡ ಬಲ್ಲವರಿಗೆ ಜಪಾನಿಯ ವಾಕ್ಯರಚನೆ ಅಪರಿಚಿತವೆನಿಸುವುದಿಲ್ಲ. 'ವತಾಶಿ ವ ಹೊನ್ ಒ ಯೊಮಿಮಸು' ಎಂಬ ವಾಕ್ಯದ ಪದಕ್ರಮವು 'ನಾನು ಪುಸ್ತಕವನ್ನು ಓದುತ್ತೇನೆ' ಎಂಬುದರಂತೆಯೇ ಇದೆ. ಇಲ್ಲಿನ 'ಒ' ಕನ್ನಡದ 'ಅನ್ನು' ಪ್ರತ್ಯಯದ ಕೆಲಸ ಮಾಡುತ್ತದೆ. ಹ್ರಸ್ವ-ದೀರ್ಘಗಳ ಮತ್ತು ದ್ವಿತ್ವಾಕ್ಷರಗಳ ಭೇದವೂ ಎರಡೂ ಭಾಷೆಗಳಲ್ಲಿದೆ. 'ಒಬಸಾನ್' ಎಂದರೆ ಚಿಕ್ಕಮ್ಮ ಅಥವಾ ಅತ್ತೆ, 'ಒಬಾಸಾನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಶ್ರವಣ ವಿಭಾಗದಲ್ಲಿ ಈ ಪರಿಚಯ ನೆರವಾಗುತ್ತದೆ. ಕಾಂಜಿ ಲಿಪಿಗೆ ಮಾತ್ರ ಕನ್ನಡದಿಂದ ಯಾವ ಆಧಾರವೂ ದೊರೆಯದ ಕಾರಣ ವಾಚನಕ್ಕೆ ಹೆಚ್ಚಿನ ಸಮಯ ಮೀಸಲಿಡಬೇಕಾಗುತ್ತದೆ.

ಇತರ ಪರೀಕ್ಷೆಗಳು

ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕ ಪದವಿಗೆ ಸೇರಬಯಸುವ ವಿದೇಶಿ ವಿದ್ಯಾರ್ಥಿಗಳಿಗಾಗಿ 2002ರಿಂದ ಇಜೆಯು ಎಂಬ ಪ್ರತ್ಯೇಕ ಪರೀಕ್ಷೆಯಿದ್ದು, ಅದರಲ್ಲಿ ಪ್ರಬಂಧ ಬರವಣಿಗೆಯೂ ಸೇರಿದೆ. ನಿರ್ದಿಷ್ಟ ಕೌಶಲ ವೀಸಾ ಬಯಸುವವರಿಗೆ ಕಂಪ್ಯೂಟರಿನಲ್ಲಿ ನಡೆಯುವ ಜೆಎಫ್‌ಟಿ-ಬೇಸಿಕ್ ಪರೀಕ್ಷೆ ಲಭ್ಯವಿದೆ. ವ್ಯವಹಾರ ಕ್ಷೇತ್ರದ ಭಾಷೆಯನ್ನು ಅಳೆಯಲು ಬಿಜೆಟಿ ಪರೀಕ್ಷೆಯಿದೆ.

ಪರೀಕ್ಷೆಗೆ ಹಾಜರಾಗುವ ನಿರ್ಧಾರ

ಭಾಷೆ ಕಲಿಯುವ ಎಲ್ಲರಿಗೂ ಈ ಪರೀಕ್ಷೆ ಅನಿವಾರ್ಯವಲ್ಲ. ಉದ್ಯೋಗ, ವೀಸಾ ಅಥವಾ ವ್ಯಾಸಂಗಕ್ಕೆ ಪ್ರಮಾಣಪತ್ರ ಬೇಕಾದವರಿಗೆ ಯಾವ ಹಂತ ಬೇಕೆಂಬುದನ್ನು ಅದನ್ನು ಕೇಳುವ ಸಂಸ್ಥೆಯೇ ನಿರ್ಧರಿಸುತ್ತದೆ. ಎನ್2 ಕೇಳುವ ಹುದ್ದೆಗೆ ಎನ್5 ಮತ್ತು ಎನ್4 ಪ್ರಮಾಣಪತ್ರಗಳಿಂದ ನೇರ ಪ್ರಯೋಜನವಿಲ್ಲ. ಹಾಗಿದ್ದರೂ ನಿಗದಿತ ದಿನಾಂಕವೊಂದು ಎದುರಿಗಿದ್ದಾಗ ಅಭ್ಯಾಸ ಕ್ರಮಬದ್ಧವಾಗುವುದರಿಂದ, ಕೆಳಗಿನ ಹಂತಗಳನ್ನು ಮೆಟ್ಟಿಲುಗಳಂತೆ ಬಳಸಿಕೊಳ್ಳುವವರು ಬಹಳಷ್ಟಿದ್ದಾರೆ.

ಮಾತನಾಡುವುದೇ ಗುರಿಯಾಗಿರುವವರಿಗೆ ಪರೀಕ್ಷೆಯ ಮಿತಿ ಮುಖ್ಯವಾಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸುವ ಕೌಶಲ ಬೇರೆ, ಬಾಯಿ ತೆರೆದು ವಾಕ್ಯ ಕಟ್ಟುವ ಕೌಶಲ ಬೇರೆ. ಎನ್2ರಲ್ಲಿ ಉತ್ತೀರ್ಣರಾದವರು ದೂರವಾಣಿ ಸಂಭಾಷಣೆಗೆ ತಡವರಿಸುವುದೂ, ಎನ್4 ದಾಟದವರು ಸರಾಗವಾಗಿ ಮಾತನಾಡುವುದೂ ಸಂಭವನೀಯ. ಆದ್ದರಿಂದ ಉದ್ಯೋಗದಾತರು ಪ್ರಮಾಣಪತ್ರವನ್ನು ನೋಡಿದ ಬಳಿಕವೂ ಜಪಾನಿಯಲ್ಲೇ ಸಂದರ್ಶನ ನಡೆಸುವುದು ರೂಢಿ.

ಹಂತದ ಆಯ್ಕೆಗೆ ಅಧಿಕೃತ ಜಾಲತಾಣದಲ್ಲಿರುವ ಮಾದರಿ ಪ್ರಶ್ನೆಗಳನ್ನು ನಿಗದಿತ ಸಮಯದೊಳಗೆ ಉತ್ತರಿಸಿ ನೋಡುವುದು ಸೂಕ್ತ ವಿಧಾನ. ಮೊತ್ತಕ್ಕಿಂತಲೂ ಅತ್ಯಂತ ದುರ್ಬಲವಾದ ವಿಭಾಗವನ್ನು ಗಮನಿಸುವುದು ಅಗತ್ಯ, ಏಕೆಂದರೆ ಆ ಒಂದು ವಿಭಾಗವೇ ಇಡೀ ಫಲಿತಾಂಶವನ್ನು ನಿರ್ಧರಿಸಬಲ್ಲದು. ಅವಕಾಶ ವರ್ಷಕ್ಕೆ ಎರಡು ಬಾರಿ ಮಾತ್ರ ಇರುವುದರಿಂದ ಮತ್ತು ಫಲಿತಾಂಶಕ್ಕೆ ಸುಮಾರು ಎರಡು ತಿಂಗಳು ಹಿಡಿಯುವುದರಿಂದ, ನೌಕರಿಯ ಅಥವಾ ಪ್ರವೇಶದ ಕೊನೆಯ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಂದಾಯಿಸಬೇಕಾಗುತ್ತದೆ. ಅನುತ್ತೀರ್ಣರಾದವರಿಗೂ ವಿಭಾಗವಾರು ಅಂಕಗಳ ವರದಿ ದೊರೆಯುತ್ತದೆ. ಮುಂದಿನ ಅಭ್ಯಾಸದಲ್ಲಿ ಯಾವುದಕ್ಕೆ ಒತ್ತು ಕೊಡಬೇಕೆಂಬುದನ್ನು ಅದರಿಂದ ತಿಳಿಯಬಹುದು.