ನಮ್ಮೂರ ಮ್ಯಾಲಿಂದ ಹಾರಿ ಹೋದ ಪೈಲ್ವಾನ

ಧಾರಾವಾಹಿ ಅಂದ್ರ ನನಗ ಭಾಳ ಇಷ್ಟ, ಅದನ್ನೇನು ನಾನು ಮುಚ್ಚಿ ಇಟ್ಟಿಲ್ಲ. ಸಂಜಿ ಏಳಕ್ಕ ಕೂತ್ರ ಹತ್ತರ ತನಕ ಯಾರ ಕೈಗೂ ಸಿಗಂಗಿಲ್ಲ. ಚಪಾತಿ ಹಿಟ್ಟು ಮೊದಲ ನಾದಿ ಇಟ್ಟಿರ್ತೀನಿ, ಜಾಹೀರಾತು ಬಂದಾಗ ಎರಡೆರಡು ಲಟ್ಟಿಸಿ ಬರ್ತೀನಿ. ಆದ್ರ ಇವತ್ತು ಯಾವ ಧಾರಾವಾಹಿ ಛಲೋ ಐತಿ, ಯಾವದು ಸುಮ್ನ ಎಳದಾಡ್ತಾರ ಅಂತ ಬರಿಯೂದಿಲ್ಲ. ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಅನ್ನೂ ಈ ಗಡಿ ಸೀಮಿಗೆ ಟಿ.ವಿ. ಕಥಿ ಹೆಂಗ ಬಂದ್ವು, ಯಾವ ಭಾಷಾದಾಗ ಬಂದ್ವು, ಬಂದು ನಮ್ಮ ಮನ್ಯಾಗ ಏನ ಮಾಡಿದ್ವು ಅನ್ನೂದನ್ನ ಬರೀತೀನಿ. ಟಿ.ವಿ. ಇತಿಹಾಸ ಬರಿಯೂ ಮಂದಿ ಬೆಂಗಳೂರಿಂದ ಶುರು ಮಾಡ್ತಾರ. ನಮಗ ಅದು ಬೆಂಗಳೂರಿಂದ ಬರಲೇ ಇಲ್ಲ ನೋಡ್ರಿ.

ಮೊದಲ ಒಂದು ಮಾತು. ನಟರ ಮ್ಯಾಲಿನ ಹುಚ್ಚು ಟಿ.ವಿ. ತಂದದ್ದಲ್ಲ. ನನ್ನ ತವರುಮನಿ ರಾಯಬಾಗ ಕಡೆ. ಅಲ್ಲಿ ಶ್ರೀಕೃಷ್ಣ ಪಾರಿಜಾತ ಅಂದ್ರ ಚಕ್ಕಡಿ ಕಟಗೊಂಡು ಊರೂರಿಂದ ಮಂದಿ ಬರ್ತಿದ್ರು. ಕುಲಗೋಡ ತಮ್ಮಣ್ಣ ಬೆಳಸಿದ ಆಟ ಅದು. ಕೌಜಲಗಿ ನಿಂಗಮ್ಮ ಅಂತ ಹೆಣ್ಣಮಗಳು ಅದರಾಗ ನಿಂತು ಹೆಸರು ಮಾಡಿದ್ಲು, ಹೆಣ್ಣಮಕ್ಕಳು ಬಣ್ಣ ಹಚ್ಚಿದ್ರ ಊರು ಕೆಟ್ಟು ಮಾತಾಡೂ ಕಾಲದಾಗ. ನಮ್ಮ ಅಜ್ಜಿ ಆಕೀ ಹೆಸರು ಹೇಳೂವಾಗ ಬೀಗರ ಮನಿ ಹೆಣ್ಣಮಗಳ ಸುದ್ದಿ ಹೇಳಿದಂಗ ಹೇಳ್ತಿದ್ಲು. ಹಂಗ ಏಣಗಿ ಬಾಳಪ್ಪನವರು. 1914ರಾಗ ಹುಟ್ಟಿ 2018ರ ತನಕ ಬದುಕಿದ್ರು. ಸಣ್ಣಾವರಿದ್ದಾಗ ಹೆಣ್ಣು ಪಾತ್ರ ಮಾಡಿದವರು, ದೊಡ್ಡಾವರಾದ ಮ್ಯಾಲ ಬಸವೇಶ್ವರ ಆದ್ರು. ಅವರ ಬಸವಣ್ಣನ್ನ ನೋಡಿ ಮುಂದ ಕೂತ ಮುದುಕ್ಯಾರು ಕೈ ಮುಗಿತಿದ್ರಂತ, ಇದೂ ಅಜ್ಜಿ ಹೇಳಿದ್ದ. ಹಿಂಗಾಗಿ ಮುಂದ ರಾಮಾಯಣದ ಅರುಣ್ ಗೋವಿಲ್ ಅವರ ಕಾಲಿಗೆ ಮಂದಿ ಬೀಳ್ತಾರ ಅಂತ ಪೇಪರಿನಾಗ ಓದಿದಾಗ ನನಗೇನೂ ಅಚ್ಚರಿ ಆಗಲಿಲ್ಲ.

ಕರ್ನಾಟಕದ ಹಳ್ಳಿಗೆ ಟಿ.ವಿ. ಮೊದಲ ಬಂದದ್ದು 1975ರ ಆಗಸ್ಟ್ 1ಕ್ಕ. ಅಮೆರಿಕಾದವರ ಎ.ಟಿ.ಎಸ್.-6 ಅನ್ನೂ ಉಪಗ್ರಹ ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕ ಎರವಲು ಸಿಕ್ಕಿತ್ತು. ಆರು ರಾಜ್ಯದ ಸುಮಾರು 2400 ಹಳ್ಳಿಗೆ ಟಿ.ವಿ. ಪೆಟ್ಟಿಗಿ ಕೊಟ್ರು. ನಮ್ಮ ರಾಜ್ಯದಾಗ ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆ. ಬಿತ್ತಗಿ, ದನಕರ, ಕೂಸಿನ ಆರೋಗ್ಯ, ನಡುವ ಹಾಡು ಕುಣಿತ. ವಿಜಾಪುರ ಅಂದ್ರ ನಮ್ಮ ಅಥಣಿ ಮಗ್ಗಲಿಗೆ, ಆದ್ರ ನಮ್ಮ ಜಿಲ್ಲೆ ಆ ಪಟ್ಟಿಯೊಳಗ ಇರಲಿಲ್ಲ. 1976ರ ಜುಲೈ 31ಕ್ಕ ವರ್ಷ ಮುಗೀತು, ಉಪಗ್ರಹ ಹೊಳ್ಳಿ ಹೋತು, ಪೆಟ್ಟಿಗಿ ಸುಮ್ಮನಾದ್ವು. ಬೆಂಗಳೂರು ದೂರದರ್ಶನ ಶುರು ಆಗಿದ್ದು ಅದಾದ ಐದು ವರ್ಷಕ್ಕ, 1981ರ ನವೆಂಬರ್ 1ಕ್ಕ. ಮುಂಬೈದು 1972ರಾಗ ಆಗಿ ಹೋಗಿತ್ತು. ಈ ಒಂಬತ್ತು ವರ್ಷದ ಅಂತರ ನೆನಪಿನ್ಯಾಗ ಇಟಕೋರಿ, ಮುಂದ ಬೇಕಾಗ್ತದ.

ನಾನು ಟಿ.ವಿ. ಕಥಿಗೆ ಬಿದ್ದದ್ದು ರಾಮಾಯಣದಿಂದ. 1987ರ ಜನವರಿ 25ಕ್ಕ ಶುರುವಾಗಿ ಮುಂದಿನ ವರ್ಷ ಜುಲೈ ತನಕ, ಐತವಾರ ಮುಂಜಾನೆ. ಪಿ.ಯು.ಸಿ. ಮುಗಿಸಿ ಮನ್ಯಾಗ ಕೂತಿದ್ದೆ, ವರ ನೋಡೂದು ನಡದಿತ್ತು. ಓಣ್ಯಾಗ ಒಂದ ಟಿ.ವಿ., ನಲವತ್ತು ಮಂದಿ. ಭಾಷಾ ಹಿಂದಿ, ಅಜ್ಜಿಗೆ ಒಂದಕ್ಷರ ಗೊತ್ತಿಲ್ಲ. ಆದ್ರ ಕಥಿ ಗೊತ್ತಿತ್ತಲ್ಲ! ಪರದಿ ಮ್ಯಾಲ ಕೈಕೇಯಿ ಬಾಯಿ ತೆಗಿಯೂದ್ರಾಗ ಅಜ್ಜಿ ಇಲ್ಲಿ ಬೈಗುಳ ಶುರು ಮಾಡಿರ್ತಿದ್ಲು. ಆಮ್ಯಾಲ ಮಹಾಭಾರತ ಬಂತು, ಕೃಷ್ಣ ಆದವರು ನಿತೀಶ್ ಭಾರದ್ವಾಜ್, ಮರಾಠಿ ಮನಿತನದವರು. ಅಕ್ಕೋಳಕ್ಕ ಸೊಸಿ ಆಗಿ ಬಂದ ಮ್ಯಾಲ ನೋಡಿದ್ದು ಅದು. ನಮ್ಮ ಅತ್ತಿಯವರಿಗೆ ಆ ಕೃಷ್ಣನ ಮ್ಯಾಲ ಒಂದು ಕೈ ಹೆಚ್ಚ ಪ್ರೀತಿ, “ತೊ ಆಪ್‌ಲ್ಯಾಕಡಚಾ” ಅಂತಿದ್ರು, ನಮ್ಮ ಕಡಿಯಾಂವ ಅಂತ.

ಅತ್ತಿಯವರ ತವರು ಕಾಗಲ ಮಗ್ಗಲಿನ ಹಳ್ಳಿ, ಈಗಿನ ಮಹಾರಾಷ್ಟ್ರ. ಅವರು ಹುಟ್ಟಿದಾಗ ಅದು, ನಮ್ಮೂರು ಎಲ್ಲಾ ಒಂದ ಸೀಮಿ ಇದ್ದಂಗಿತ್ತು. 1956ಕ್ಕ ರಾಜ್ಯ ಹಂಚಿದಾಗ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಬಂತು, ಕಾಗಲ ಅಲ್ಲೇ ಉಳೀತು. ಮಂದಿ ಮಾತ್ರ ಹಂಚಿ ಹೋಗಲಿಲ್ಲ. ಹೆಣ್ಣು ಕೊಟ್ಟು ತಗೊಳ್ಳೂದು, ದವಾಖಾನಿ, ಮದವಿ ಜವಳಿ ಎಲ್ಲಾ ಕೊಲ್ಹಾಪುರ. ನಮಗ ಕೊಲ್ಹಾಪುರ ನಲವತ್ತು ಕಿಲೋಮೀಟರಿನ ಮಾತು, ಬೆಂಗಳೂರು ಒಂದು ರಾತ್ರಿ ಪ್ರಯಾಣ. ಟಿ.ವಿ.ನೂ ಅದ ಹಾದಿ ಹಿಡೀತು. ಮ್ಯಾಲಮನಿಗೆ ಹತ್ತಿ ಅಂಟೆನಾ ಕೊಲ್ಹಾಪುರದ ಕಡೆ ಹೊಳ್ಳಿಸಿದ್ರ ಚಿತ್ರ ತಿಳಿ ಬರ್ತಿತ್ತು. ಹಿಂಗಾಗಿ ನನ್ನ ಸೊಸಿತನದ ಮೊದಲಿನ ವರ್ಷಗಳು ಸಂಜಿ ಹೊತ್ತಿನ್ಯಾಗ ಪೂರಾ ಮರಾಠಿ. ಮನ್ಯಾಗ ಕನ್ನಡ ಮಾತು, ಪೆಟ್ಟಿಗಿಯೊಳಗ ಮರಾಠಿ ಮಾತು. ನನಗ ಮರಾಠಿ ಕಲಿಸಿದ್ದು ಅತ್ತಿಯವರು ಅರ್ಧಾ, ಟಿ.ವಿ. ಅರ್ಧಾ.

ಕೇಬಲ್ ಬಂದ ಮ್ಯಾಲ ಅದು ಇನ್ನೂ ಗಟ್ಟಿ ಆತು. 1999ರಾಗ ಆಲ್ಫಾ ಮರಾಠಿ, ಅದ ಮುಂದ ಝೀ ಮರಾಠಿ ಆತು. 2000ರಾಗ ಈಟಿವಿ ಮರಾಠಿ. ‘ಚಾರ್ ದಿವಸ್ ಸಾಸೂಚೆ’ 2001ರಿಂದ 2013ರ ತನಕ ನಡೀತು, ಮೂರು ಸಾವಿರಕ್ಕೂ ಮ್ಯಾಲ ಕಂತು. ಅತ್ತಿ ಆಗಿ ರೋಹಿಣಿ ಹಟ್ಟಂಗಡಿ. ಗಾಂಧಿ ಸಿನಿಮಾದಾಗ ಕಸ್ತೂರಬಾ ಆದವರು ಅವರ. ನನ್ನ ಮಗಳು ಅದು ಶುರು ಆದಾಗ ಕನ್ನಡ ಸಾಲ್ಯಾಗ ಓದ್ತಿದ್ಲು, ಮುಗಿಯೂದ್ರಾಗ ಆಕೀಗೆ ಮದವಿ ಆಗಿತ್ತು. ಬೀಡಿ ಕಟ್ಟೂ ಹೆಣ್ಣಮಕ್ಕಳು ಮೊರದಾಗ ಎಲಿ, ತಂಬಾಕು ಇಟಗೊಂಡು ನಮ್ಮ ಪಡಸಾಲ್ಯಾಗ ಬಂದು ಕೂಡ್ತಿದ್ರು. ಕಣ್ಣು ಟಿ.ವಿ. ಮ್ಯಾಲ, ಕೈ ತನ್ನಷ್ಟಕ್ಕ ತಾ ಸುತ್ತತಿರ್ತಿತ್ತು.

ಕನ್ನಡ ಎಲ್ಲಿತ್ತು ಹಂಗಾರ? ಉದಯ 1994ಕ್ಕ ಶುರು ಆಗಿತ್ತು, ಆದ್ರ ನಮ್ಮ ಪೆಟ್ಟಿಗ್ಯಾಗ ಅದು ಒಮ್ಮೆ ಬಂದ್ರ ಎರಡು ದಿನಾ ಇರ್ತಿರಲಿಲ್ಲ. ಕೇಬಲ್ ನಡಸೂ ಹುಡುಗನ್ನ ಕೇಳಿದ್ರ “ಯಾರು ನೋಡ್ತಾರ್ರಿ ಕಾಕು” ಅಂತಿದ್ದ. 2000ದ ಡಿಸೆಂಬರ್‌ದಾಗ ಈಟಿವಿ ಕನ್ನಡ ಶುರು ಆತು, ನಮ್ಮ ಮನ್ಯಾಗ ಅದು ನೆಟ್ಟಗ ಕಂಡದ್ದು ಒಂದೆರಡು ವರ್ಷ ತಡದು. ಟಿ.ಎನ್. ಸೀತಾರಾಮ್ ಅವರ ಹೆಸರು ನಾನು ಅವಾಗಿಂದ ಕಲ್ತೆ. 1998ರಾಗ ದೂರದರ್ಶನಕ್ಕ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ಕೂಡ ಮಾಡಿದ ‘ಮಾಯಾಮೃಗ’ ನಮಗ ತಪ್ಪಿ ಹೋಗಿತ್ತು, ‘ಮನ್ವಂತರ’, ‘ಮುಕ್ತ’ ಸಿಕ್ಕವು. ಕೋರ್ಟಿನ ಸೀನು ಬಂದ್ರ ನಮ್ಮ ಮನಿಯವರೂ ಪೇಪರ್ ಮಡಚಿ ಇಡ್ತಿದ್ರು. ಅಲ್ಲಿ ಹೆಣ್ಣಮಕ್ಕಳು ವಾದಾ ಮಾಡ್ತಿದ್ರು, ನೌಕರಿ ಮಾಡ್ತಿದ್ರು, ಬರೇ ಸೀರಿ ಉಟಗೊಂಡು ವಿಷಾ ಹಾಕೂದು ಇರಲಿಲ್ಲ. ‘ಪಾಪ ಪಾಂಡು’ ಅಂತೂ ಅತ್ತಿಯವರಿಗೂ ತಿಳೀತಿತ್ತು, ಹೆಂಡತಿ ಕೈಯಾಗ ಪೆಟ್ಟು ತಿನ್ನೂ ಗಂಡನ್ನ ನೋಡಾಕ ಭಾಷಾ ಯಾಕ ಬೇಕ್ರಿ?

ಒಂದ ರಿಮೋಟು, ಎರಡು ಭಾಷಾ. ಏಳೂವರಿ ತನಕ ಅವರದು, ಆಮ್ಯಾಲ ನಂದು. ಅವರ ಪಾಳಿ ಮುಗಿದ್ರೂ ಎದ್ದು ಹೋಗ್ತಿರಲಿಲ್ಲ, ಕೂತು ನೋಡ್ತಿದ್ರು. ಹಂಗ ನೋಡ್ತ ನೋಡ್ತ ಎಪ್ಪತ್ತು ದಾಟಿದ ಮ್ಯಾಲ ನಮ್ಮ ಅತ್ತಿಯವರು ಬೆಂಗಳೂರು ಕನ್ನಡ ತಿಳಕೊಂಡ್ರು. ಐವತ್ತು ವರ್ಷ ಈ ಊರಾಗ ಸರಕಾರದ ಕಾಗದ ಕಲಿಸದೇ ಇದ್ದದ್ದನ್ನ ಧಾರಾವಾಹಿ ಕಲಿಸಿತು. ಗಡಿ ಬಗ್ಗೆ ಭಾಷಣಾ ಮಾಡೂ ಎರಡೂ ಕಡಿ ಮಂದಿ ಈ ಮಾತು ಎಲ್ಲೂ ಹೇಳೂದಿಲ್ಲ.

2006ರಾಗ ಝೀ ಕನ್ನಡ ಬಂತು. ಇಲ್ಲಿಂದ ನಮ್ಮ ಓಣಿಗೆ ಒಂದು ಹೊಸಾ ಮಜಾ. ಈಟಿವಿಯವರ ಮರಾಠಿ, ಕನ್ನಡ ಎರಡೂ ವಾಹಿನಿ ಹೈದರಾಬಾದಿನ ಒಂದ ಮಾಲಕರು. ಮುಂದ 2015ಕ್ಕ ಎರಡೂ ಕೂಡೇ ಕಲರ್ಸ್ ಆದ್ವು. ಝೀದವರದು ಹಂಗ. ಮಾಲಕ ಒಬ್ಬನ ಇದ್ದಾಗ ಮರಾಠಿಯೊಳಗ ಮಂದಿ ಮೆಚ್ಚಿದ ಕಥಿ ಕನ್ನಡಕ್ಕ ತರೂದು ಸಸ್ತಾ, ಮತ್ತ ಧೈರ್ಯಾ. ‘ಮಾಝ್ಯಾ ನವರ‍್ಯಾಚಿ ಬಾಯಕೋ’ ಅನ್ನೂದು ‘ಸುಬ್ಬಲಕ್ಷ್ಮಿ ಸಂಸಾರ’ ಆತು. ಸುಬೋಧ್ ಭಾವೆ ಮಾಡಿದ ‘ತುಲಾ ಪಾಹತೇ ರೇ’ 2019ರಾಗ ‘ಜೊತೆಜೊತೆಯಲಿ’ ಆತು, ಅನಿರುದ್ಧ ಅವರು ಆರ್ಯವರ್ಧನ್ ಆಗಿ ಬಂದ್ರು. ಬೆಂಗಳೂರು, ಮೈಸೂರಿನ ಹೆಣ್ಣಮಕ್ಕಳು ಮುಂದ ಏನಾಗ್ತದೋ ಅಂತ ಎದಿ ಹಿಡಕೊಂಡು ಕೂತಿದ್ರ, ನಮ್ಮ ಅಕ್ಕೋಳದಾಗ ರಾಜನಂದಿನಿ ಯಾರು ಅಂತ ವರ್ಷದ ಹಿಂದ ಗೊತ್ತಿತ್ತು. ಬೆಂಗಳೂರಿಗೆ ಕೊಟ್ಟ ನನ್ನ ಮಗಳು ಫೋನ್ ಮಾಡಿ “ಅವ್ವ, ಹೇಳಬ್ಯಾಡ, ಹೇಳಬ್ಯಾಡ” ಅಂತಿದ್ಲು. ಗಡಿಯಾಗ ಇದ್ದದ್ದಕ್ಕ ನಮಗ ಸಿಕ್ಕ ಲಾಭ ಅಂದ್ರ ಅದೊಂದ.

ಈಗ ಪೈಲ್ವಾನನ ಮಾತಿಗೆ ಬರ್ತೀನಿ.

2016ರ ಅಕ್ಟೋಬರ್‌ದಾಗ ಝೀ ಮರಾಠಿಯೊಳಗ ‘ತುಝ್ಯಾತ್ ಜೀವ್ ರಂಗಲಾ’ ಶುರು ಆತು. ಕೊಲ್ಹಾಪುರದ ಹಳ್ಳಿ ಪೈಲ್ವಾನ ರಾಣಾ, ಅಕ್ಷರಾ ಕಲೀಲಿಲ್ಲ, ಮನಸ್ಸು ಹಾಲಿನಂಥಾದ್ದು. ಸಾಲಿ ಕಲಿಸಾಕ ಬಂದ ಅಂಜಲಿ ಬಾಯಿ ಮ್ಯಾಲ ಜೀವ. ಹಾರ್ದಿಕ್ ಜೋಶಿ, ಅಕ್ಷಯಾ ದೇವಧರ್ ಮಾಡಿದ್ರು, 2022ರಾಗ ಖರೇನ ಮದವಿನೂ ಆದ್ರು. ಶೂಟಿಂಗ್ ಆಗ್ತಿದ್ದದ್ದು ಕೊಲ್ಹಾಪುರ ಮಗ್ಗಲಿನ ವಸಗಡೆ ಊರಾಗ. ಆ ವಾಡೆ ನೋಡಾಕ ಜಾತ್ರಿ ಆದಂಗ ಮಂದಿ ಹೋಗ್ತಿದ್ರು. ನಾನು, ನಮ್ಮ ನೆಗೆಣ್ಣಿ ಬಸ್ಸು ಹಿಡಿದು ಹೋಗಿದ್ವಿ. ಒಳಗ ಬಿಡಲಿಲ್ಲ, ಹೊರಗ ನಿಂತು ಬಾಗಿಲಾ ನೋಡಿ, ಚಾ ಕುಡದು ಬಂದ್ವಿ. ಆದ್ರೂ ದುಡ್ಡು ವಸೂಲಿ ಅನಿಸಿತು.

ಅದರಾಗ ನನಗ ಹಿಡಿಸಿದ್ದು ರಾಣಾನ ಮಾತು. ಪುಣೆ ಮರಾಠಿ ಅಲ್ಲ ಅದು, ಕೊಲ್ಹಾಪುರದ ಒಡ್ಡೊಡ್ಡ ಮಾತು. ನಕ್ಕೋತ, ಅತ್ತುಕೋತ, ಪ್ರೀತಿ ಹೇಳಿಕೋತ ಎಲ್ಲಾ ಅದ ಮಾತಿನಾಗ. ಹಳ್ಳಿ ಮಾತಾಡೂ ಮನಷ್ಯಾ ಹೀರೋ ಆಗಿದ್ದ, ನಗಿಸೂ ಆಳಮಗ ಆಗಿರಲಿಲ್ಲ. ನಮ್ಮ ಚಿಕ್ಕೋಡಿ ಕಡಿ ಕನ್ನಡಕ್ಕ, ಆ ಮರಾಠಿಗೆ ಧಾಟಿ ಒಂದ. ತಾಲೀಮು ಒಂದ, ಕೆಂಪು ಮಣ್ಣು ಒಂದ, ಕಬ್ಬಿನ ಗಾಣ ಒಂದ, ಬೈಗುಳಾನೂ ಅರ್ಧಾ ಒಂದ.

2017ಕ್ಕ ಅದು ಕನ್ನಡಕ್ಕ ಬರ್ತದ ಅಂದಾಗ ನಾನು ಭಾಳ ಹಿಗ್ಗಿದ್ದೆ. ಕೊಲ್ಹಾಪುರದಿಂದ ಕನ್ನಡದೊಳಗ ಕಾಲಿಟ್ರ ಮೊದಲ ಸಿಗೂದು ನಮ್ಮ ಊರಲ್ಲೇನ್ರಿ? ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಾಗ ತಾಲೀಮು ಇಲ್ಲದ ದೊಡ್ಡ ಊರು ಯಾವದೈತಿ? ‘ಜೋಡಿಹಕ್ಕಿ’ ಅಂತ ಬಂತು. ರಾಣಾ ರಾಮಣ್ಣ ಆಗಿದ್ದ, ಅಂಜಲಿ ಜಾನಕಿ ಟೀಚರ್ ಆಗಿದ್ಲು. ಮಾತು ಪೂರಾ ಹಳೇ ಮೈಸೂರು ಸೀಮಿದು. ಕೊಲ್ಹಾಪುರದ ಪೈಲ್ವಾನ ನಮ್ಮ ತಲಿ ಮ್ಯಾಲಿಂದ ಹಾರಿ ಆ ತುದಿಗೆ ಹೋಗಿ ಇಳದಿದ್ದ. ಧಾರಾವಾಹಿ ಕೆಟ್ಟ ಇತ್ತು ಅಂತ ನಾ ಹೇಳೂದಿಲ್ಲ, ರಾಮಣ್ಣನ್ನ ಮಂದಿ ಹೊತ್ತು ಮೆರೆಸಿದ್ರು, ನಾನೂ ನೋಡಿದೆ. ಅತ್ತಿಯವರು ಎರಡು ದಿನಾ ನೋಡಿ “ಇಂವ ನಮ್ಮಾಂವ ಅಲ್ಲ” ಅಂದು ಎದ್ದು ಹೋದ್ರು. ಮರಾಠಿ ಹೆಣ್ಣಮಗಳು ಅವರು, ಆ ಮಾತು ಕನ್ನಡದಾಗ ಹೇಳಿದ್ರು.

ಯಾಕ ಹಂಗಾತು ಅನ್ನೂದಕ್ಕ ಕಾರಣ ತಿಳೀದಂಥಾದ್ದೇನಲ್ಲ. ದಿನಾ ಅರ್ಧಾ ತಾಸು ಕಥಿ ತಯಾರು ಆಗಬೇಕು. ಬರಿಯವರು, ನಟರು, ಬಾಡಿಗಿ ಮನಿ, ಕ್ಯಾಮೆರಾ ಎಲ್ಲಾ ಬೆಂಗಳೂರಾಗ. ಹಳ್ಳಿ ಬೇಕಂದ್ರ ಅವರಿಗೆ ಮುಂಜಾನೆ ಹೋಗಿ ಸಂಜಿ ಹೊಳ್ಳಿ ಬರೂ ಹಳ್ಳಿ ಬೇಕು. ನಿಪ್ಪಾಣಿಗೆ ದಿನಾ ಯಾರು ಬರ್ತಾರ? ಮುಂಬೈ ಮಂದಿ ಕೊಲ್ಹಾಪುರಕ್ಕ ಬಂದ್ರಲ್ಲ ಅಂತ ಕೇಳಬಹುದು. ಕೊಲ್ಹಾಪುರಕ್ಕ ಮೊದಲಿಂದ ಸಿನಿಮಾದ ಬೇರು ಅದಾವ. ಬಾಬುರಾವ್ ಪೇಂಟರ್ ಅವರು ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ್ದು ಅಲ್ಲೇ, ಪ್ರಭಾತ್ ಕಂಪನಿ 1929ರಾಗ ಹುಟ್ಟಿದ್ದೂ ಅಲ್ಲೇ, ಪುಣೆಗೆ ಹೋದದ್ದು ಆಮ್ಯಾಲ. ಕುಲಗೋಡ, ಕೌಜಲಗಿ, ಏಣಗಿ ನಮ್ಮ ಜಿಲ್ಲೆಯೊಳಗ ಇದ್ರೂ ನಮ್ಮಲ್ಲೆ ಕ್ಯಾಮೆರಾ ನಿಲ್ಲಲಿಲ್ಲ.

ಇದರಿಂದ ಏನ ಹಾನಿ ಅಂದ್ರ, ಧಾರಾವಾಹಿಯೊಳಗ ನಮ್ಮ ಮಾತು ಬಂದಾಗ ಮಂದಿ ನಗ್ತಾರ. ಅಡಗಿಯಾಂವ, ವಾಚ್‌ಮನ್, ಜಗಳಗಂಟಿ ಅತ್ತಿ, ಇವರಿಗೆ ನಮ್ಮ ಮಾತು ಕೊಡ್ತಾರ. ಅದೂ ನೆಟ್ಟಗ ಬರಂಗಿಲ್ಲ, ಎಲ್ಲಾ ಕಡೆ “ಲೇ”, “ಮಗನ” ಸೇರಿಸಿದ್ರ ಆತು ಅಂತ ತಿಳದಾರ. ರಂಜನಿ ರಾಘವನ್ ಕನ್ನಡ ಕಲಿಸಾಕಿ ಆಗಿದ್ದ ‘ಕನ್ನಡತಿ’ 2020ರಾಗ ಶುರು ಆದಾಗ ನಾನು ಮನಸಾರೆ ನೋಡಿದೆ, ಕಂತಿನ ಕೊನಿಗೆ ಒಂದು ಪದದ ವಿಚಾರ ಹೇಳ್ತಿದ್ರು, ಅದನ್ನ ನೋಟಬುಕ್ಕಿನ್ಯಾಗ ಬರಕೋತಿದ್ದೆ. ಛಲೋ ಕೆಲಸ. ಆದ್ರ ನನ್ನ ಮೊಮ್ಮಗಳು ಸೂಟಿಗೆ ಬಂದಾಗ “ಅಜ್ಜಿ, ನೀವು ತಪ್ಪು ಕನ್ನಡ ಮಾತಾಡ್ತೀರಾ” ಅಂದ್ಲು. ಐದು ವರ್ಷದ ಕೂಸು. ‘ಹೋಗೂಣು’ ಅಂದಿದ್ದೆ ಅಷ್ಟ.

ಅದ ವರ್ಷ ಲಾಕ್‌ಡೌನ್. ಶೂಟಿಂಗ್ ನಿಂತು ಹೋತು, ಡಬ್ಬಿಂಗ್ ಬಂತು. ಅದರ ಹಿಂದ ಎಂಟು ವರ್ಷಕ್ಕ, 2012ರಾಗ, ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಕನ್ನಡಕ್ಕ ಡಬ್ ಆಗಿ ಬರಬಾರದು ಅಂತ ತಡದಿದ್ರು. ಈಗ ಮಹಾಭಾರತ ಕನ್ನಡ ಮಾತಾಡ್ತು, ‘ಮಹಾನಾಯಕ’ ಬಂತು, ಅಂಬೇಡ್ಕರ್ ಅವರ ಕಥಿ. ಊರೂರಾಗ ಬ್ಯಾನರ್ ಕಟ್ಟಿದ್ರು, ಧಾರಾವಾಹಿಗೆ ಬ್ಯಾನರ್ ಕಟ್ಟಿದ್ದನ್ನ ನಾ ಅವಾಗ ಮೊದಲ ಕಂಡದ್ದು. ನಿಪ್ಪಾಣಿಗೆ ಅಂಬೇಡ್ಕರ್ 1925ರಾಗ ಬಹಿಷ್ಕೃತರ ಪರಿಷತ್ತಿಗೆ ಬಂದು ಹೋಗಿದ್ರು. ಅದನ್ನ ಬಲ್ಲ ಹಿರಿಯರು ಇಲ್ಲಿ ಇನ್ನೂ ಮಕ್ಕಳಿಗೆ ಹೇಳ್ತಾರ. ನಮ್ಮ ಓಣ್ಯಾಗ ಅದನ್ನ ಕೆಲವರು ಕನ್ನಡದಾಗ ನೋಡಿದ್ರು, ಕೆಲವರು ಮರಾಠಿಯೊಳಗ ಅವರ ಮ್ಯಾಲ ಬಂದದ್ದನ್ನ ನೋಡಿದ್ರು, ಮರದಿನಾ ನಳದ ಕಡೆ ಎರಡೂ ಕೂಡಿಸಿ ಮಾತಾಡಿದ್ರು.

ಈಗ ನಮ್ಮ ಕಡೆ ಹುಡುಗರು ಮೊಬೈಲ್‌ದಾಗ ತಾವ ಕಥಿ ಮಾಡಿ ಯೂಟ್ಯೂಬಿಗೆ ಹಾಕ್ತಾರ. ಹೊಲದ ಬದು, ಹಾಲಿನ ಡೇರಿ, ಮಾತು ಪಕ್ಕಾ ನಮ್ಮದು. ನಗೂದ ಹೆಚ್ಚು, ಅಳೂ ಸೀನು ಕಮ್ಮಿ. ಆದ್ರೂ ನಗಸೂ ಹುಡುಗನ ಬಾಯಾಗ ನಮ್ಮ ಮಾತು ನೆಟ್ಟಗ ಐತಿ. ಮೊನ್ನೆ ಅಂಥಾದೊಂದು ಅತ್ತಿಯವರಿಗೆ ತೋರಿಸಿದೆ. ಕಣ್ಣು ಮಂಜಾಗ್ಯಾವ, ಫೋನ್ ಮಾರಿಗೆ ಹತ್ತಿರ ಹಿಡಕೊಂಡು ಪೂರಾ ಕೇಳಿದ್ರು. ಮುಗಿದ ಮ್ಯಾಲ ಕೇಳಿದ್ರು: “ಇದು ದಿನಾ ಎಷ್ಟಕ್ಕ ಬರ್ತದವಾ? ಏಳೂವರಿಗೆ ಆದ್ರ ನನ್ನ ಪಾಳಿ ಮುಗಿದಿರ್ತದ.”