ಬಲಿಪೀಠದ ದ್ರಾಕ್ಷಾರಸವೂ ನಮ್ಮ ನಾಡಿನ ಒಣದ್ರಾಕ್ಷಿಯೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಕಟ್ಟಡವನ್ನೂ ಸೇವೆಗೈದ ಗುರುಗಳನ್ನೂ ಸ್ಮರಿಸುವುದು ಸಹಜ. ಆದರೆ ದಿನನಿತ್ಯ ಬಲಿಪೀಠಕ್ಕೆ ಬರುವ ಪುಟ್ಟ ಸೀಸೆಯ ದ್ರಾಕ್ಷಾರಸಕ್ಕೂ ಒಂದು ಚರಿತ್ರೆಯುಂಟು. ಅದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕ್ರಿಸ್ತಭಕ್ತರಿಗೆ ಹತ್ತಿರದ ವಿಷಯವೂ ಹೌದು.

ಈ ಸೀಮೆ ಒಂದು ಕಾಲಕ್ಕೆ ವಿಜಾಪುರದ ಆದಿಲ್‌ಶಾಹಿ ರಾಜ್ಯದಲ್ಲಿತ್ತು. ಗೋವೆಯ ದಿವಾಡಿಯಲ್ಲಿ ಜನಿಸಿದ ಮತೇವುಸ್ ದೆ ಕಾಸ್ತ್ರೊರವರು 1637ರಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದು, ಇದೇ ರಾಜ್ಯದ ಪ್ರೇಷಿತ ಪ್ರತಿನಿಧಿಗಳಾಗಿ ನಿಯುಕ್ತರಾದರು. 1720ರಲ್ಲಿ ಮುಂಬಯಿಗೆ ಕಾರ್ಮೆಲ್ ಸಭೆಯ ಗುರುಗಳು ಬಂದರು. ಅವರಲ್ಲಿ ಇಟಲಿಯವರು ಅನೇಕರು. ನಮ್ಮ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪಿತವಾದುದು 1953ರಲ್ಲಿ.

ಬಲಿಪೂಜೆಗೆ ಬೇಕಾದ ಗೋದಿ ಈ ನೆಲದಲ್ಲಿಯೇ ಬೆಳೆಯುತ್ತದೆ. ದ್ರಾಕ್ಷಾರಸದ ಮಾತು ಹಾಗಲ್ಲ. ಅದು ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎಂಬುದು ಶ್ರೀಸಭೆಯ ಕಟ್ಟಳೆ. 1983ರ ಧರ್ಮಸಂಹಿತೆಯ 924ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಬಣ್ಣ ಕೆಂಪಿರಲಿ, ಬಿಳಿಯಿರಲಿ, ಎರಡೂ ಸಲ್ಲುತ್ತವೆ. ಪಾತ್ರೆಯನ್ನು ಒರೆಸುವ ಶುಭ್ರವಸ್ತ್ರಕ್ಕೆ ಕಲೆಯಾಗದೆಂದು ಅನೇಕ ಕಡೆ ಬಿಳಿಯದಕ್ಕೇ ಆದ್ಯತೆ.

ಇಟಲಿಯ ತೊಸ್ಕಾನಾ ಪ್ರಾಂತದಲ್ಲಿ ‘ವಿನ್ ಸಾಂತೊ’, ಅಂದರೆ ಪವಿತ್ರ ದ್ರಾಕ್ಷಾರಸ, ಎಂಬ ಬಿಳಿಯ ಮದ್ಯವಿದೆ. ತ್ರೆಬ್ಬಿಯಾನೊ, ಮಲ್ವಾಸಿಯಾ ಜಾತಿಯ ಗೊನೆಗಳನ್ನು ತೂಗುಹಾಕಿ ಅಥವಾ ಚಾಪೆಗಳ ಮೇಲೆ ಹರವಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬಳಿಕ ಹಿಂಡಿದ ರಸವನ್ನು ಸಣ್ಣ ಪೀಪಾಯಿಗಳಲ್ಲಿ ಮುಚ್ಚಿ, ಅಟ್ಟದ ಚಳಿ ಬಿಸಿಲುಗಳಲ್ಲಿ ವರ್ಷಗಳ ಕಾಲ ಇರಿಸುತ್ತಾರೆ. ಆಗ ಅದು ಜೇನುಬಣ್ಣ ತಾಳುತ್ತದೆ. ಬಾದಾಮಿ ಹಾಕಿ ಎರಡು ಬಾರಿ ಬೇಯಿಸಿದ ‘ಕಾಂತುಚ್ಚಿ’ ಎಂಬ ಗಟ್ಟಿ ಬಿಸ್ಕತ್ತನ್ನು ಅದರಲ್ಲಿ ಅದ್ದಿ ತಿನ್ನುವುದು ಅಲ್ಲಿಯ ಪದ್ಧತಿ. ಕಟುವಾದ ಗಿಣ್ಣಿನೊಂದಿಗೂ ಸೇವಿಸುವುದುಂಟು. ಗೋಕಾಕದ ಕರದಂಟಿನ ರುಚಿಯನ್ನು ಬಲ್ಲವರಿಗೆ ಒಣಹಣ್ಣಿನ ಈ ಸವಿ ತೀರ ಅಪರಿಚಿತವೆನಿಸದು.

ಒಣದ್ರಾಕ್ಷಿಯ ರಸವು ಬಲಿಪೂಜೆಗೆ ಸಲ್ಲುವುದೇ? ಬಣ್ಣದಲ್ಲಿಯೂ ರುಚಿಯಲ್ಲಿಯೂ ಅದು ನಿಜವಾದ ದ್ರಾಕ್ಷಾರಸವೆಂದು ಗುರುತಿಸುವಂತಿದ್ದರೆ ಸಲ್ಲುವುದೆಂದು ರೋಮಿನ ಪರಿಶುದ್ಧ ಪೀಠವು 1706ರಲ್ಲಿ ತೀರ್ಮಾನವಿತ್ತಿತು. ಕೇರಳದ ಸಂತ ತೋಮರ ಕ್ರೈಸ್ತರು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ರಸ ತೆಗೆಯುತ್ತಿದ್ದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

1956ರವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಪಾನನಿರೋಧ ಶಾಸನವು ಜಾರಿಗೆ ಬಂದಾಗಲೂ ಧಾರ್ಮಿಕ ವಿಧಿಯ ದ್ರಾಕ್ಷಾರಸಕ್ಕೆ ಪ್ರತ್ಯೇಕ ಅನುಮತಿಗೆ ಅವಕಾಶವಿತ್ತು. ಕುಡಿತ ಬೇರೆ, ಬಲಿಯರ್ಪಣೆ ಬೇರೆ ಎಂಬುದನ್ನು ಸರ್ಕಾರವೂ ಮನಗಂಡಿತ್ತು.

ಈ ಭೇದವನ್ನು ನಮ್ಮ ಜನರು ಮರೆಯಬಾರದು. ಗುರುಗಳೇ ಪೂಜೆಯಲ್ಲಿ ಸೇವಿಸುವರಲ್ಲ ಎಂದು ಹೇಳಿ ತಮ್ಮ ಕುಡಿತವನ್ನು ಸಮರ್ಥಿಸಿಕೊಳ್ಳುವವರುಂಟು. ಪಾತ್ರೆಯಲ್ಲಿರುವುದು ಕೆಲವೇ ಹನಿ; ಅದಕ್ಕೂ ನೀರು ಬೆರೆಯುತ್ತದೆ; ಅದು ಅರ್ಪಣೆಗಾಗಿ ಇರುವುದೇ ಹೊರತು ಮತ್ತಿಗಾಗಿ ಅಲ್ಲ. ಕೂಲಿಯ ಹಣವೆಲ್ಲ ಸೆರೆಯಂಗಡಿಗೆ ಸಂದು ಮಕ್ಕಳು ಹಸಿದು ಮಲಗುವ ಮನೆಗೆ ಕಾನಾ ಊರಿನ ಮದುವೆಯ ದೃಷ್ಟಾಂತ ಹೊಂದದು. ಕ್ರಿಸ್ತರು ಅಲ್ಲಿ ಒಂದು ಬಡಮನೆಯ ಮಾನ ಉಳಿಸಿದರು, ಕಳೆಯಲಿಲ್ಲ.

ಇಂದು ಅಥಣಿಯ ತೆಲಸಂಗದ ಕಡೆ ದ್ರಾಕ್ಷಿಯ ತೋಟಗಳಿವೆ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಒಂದು ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ನೀರುಪಾಲು. ಈ ಹಣ್ಣಿನಿಂದ ಪೂಜೆಯ ರಸವನ್ನು ಮಾಡಬೇಕಾದರೆ ಧರ್ಮಾಧ್ಯಕ್ಷರ ಸಮ್ಮತಿ, ಅಬಕಾರಿ ಪರವಾನಗಿ, ಗಂಧಕದ ಹೊಗೆ ತಾಗದ ಶುದ್ಧ ಹಣ್ಣು ಇವು ಅವಶ್ಯ. ಅದು ಕೈಗೂಡಲಿ ಬಿಡಲಿ, ಯಾಜಕರು ಪಾತ್ರೆಯನ್ನು ಎತ್ತುವಾಗ ತೋಟದಲ್ಲಿ ದುಡಿಯುವ ಆ ಕೈಗಳನ್ನೂ ನಾವು ಸ್ಮರಿಸೋಣ. ದೇವರು ಅವರ ಬೆವರನ್ನು ಆಶೀರ್ವದಿಸಲಿ.