ಸೊರಗಿದ ಎದೆಗೆ ಹೊಸ ಕಿಡ್ನಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ದೊಡ್ಡ ರೋಗ ಬಂದರೆ ಹಿಡಿಯುವ ದಾರಿ ಎರಡು. ಒಂದು ಬೆಳಗಾವಿಯದು, ಇನ್ನೊಂದು ಮಿರಜದ್ದು. ಮಿರಜದ ದಾರಿ ಹಳೆಯದು. ಕೆನಡಾದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. ಈ ದಾರಿಗಳಲ್ಲಿ ಮರಳಿ ಬಂದವರ ಬಾಯಲ್ಲಿ ನಾನು ಕೇಳಿದ ಮಾತೊಂದಿದೆ: “ಕಿಡ್ನಿ ಹೋಗ್ಯಾವು, ಎದಿನೂ ಸೊರಗೇತಿ, ಆಪರೇಷನ್ ತಡಕೊಳ್ಳಾಂಗಿಲ್ಲ.” ಈ ಮಾತಿಗೂ ಒಂದು ಇತಿಹಾಸವಿದೆ.

ಕಿಡ್ನಿ ಕೆಟ್ಟವರ ಹೃದಯ ದಪ್ಪವಾಗಿರುವುದನ್ನು ಲಂಡನ್ನಿನ ರಿಚರ್ಡ್ ಬ್ರೈಟ್ 1836ರಲ್ಲೇ ಬರೆದಿಟ್ಟಿದ್ದರು. ಕಾರಣ ಆಮೇಲೆ ತಿಳಿಯಿತು. ಕಿಡ್ನಿ ಸೋತಾಗ ಉಪ್ಪು, ನೀರು, ಕಲ್ಮಶ ರಕ್ತದಲ್ಲೇ ಉಳಿಯುತ್ತವೆ. ರಕ್ತದೊತ್ತಡ ಏರುತ್ತದೆ, ರಕ್ತ ಕಡಿಮೆಯಾಗುತ್ತದೆ. ಇಷ್ಟನ್ನೂ ಹೊತ್ತು ದುಡಿದ ಹೃದಯ ಕೊನೆಗೆ ಬಳಲುತ್ತದೆ.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಕಸಿ ಮಾಡಿ ಗೆದ್ದರು. ನಮ್ಮ ದೇಶದಲ್ಲಿ ಆ ಗೆಲುವು 1971ರಲ್ಲಿ ವೆಲ್ಲೂರಿನಲ್ಲಿ ಬಂತು. ಆದರೆ ಹೃದಯ ದುರ್ಬಲವಾದವರಿಗೆ ಈ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಮೇಜಿನ ಮೇಲೆಯೇ ಜೀವ ಹೋದರೆ ಎಂಬ ಭಯ ಒಂದು ಕಡೆ, ಸಿಗುವುದೇ ಅಪರೂಪವಾದ ಅಂಗ ವ್ಯರ್ಥವಾದರೆ ಎಂಬ ಲೆಕ್ಕ ಇನ್ನೊಂದು ಕಡೆ.

2005ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನ ಈ ಲೆಕ್ಕವನ್ನೇ ಬದಲಿಸಿತು. ಆರೋಗ್ಯವಂತ ಹೃದಯ ತನ್ನೊಳಗೆ ತುಂಬಿದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ಬಡಿತಕ್ಕೂ ಹೊರದೂಡುತ್ತದೆ. ಶೇಕಡಾ 40 ಅಥವಾ ಅದಕ್ಕೂ ಕಡಿಮೆ ದೂಡುತ್ತಿದ್ದ 103 ಮಂದಿಗೆ ಅವರು ಕಿಡ್ನಿ ಕಸಿ ಮಾಡಿದ್ದರು. ಸರಾಸರಿ ಸುಮಾರು 32 ಇದ್ದದ್ದು ವರ್ಷದಲ್ಲಿ 52ಕ್ಕೆ ಏರಿತು. ನೂರಕ್ಕೆ ಎಪ್ಪತ್ತರಷ್ಟು ಜನರಲ್ಲಿ ಅದು 50 ದಾಟಿತು. ಕಸಿಗೆ ಅಡ್ಡಿ ಎಂದುಕೊಂಡಿದ್ದ ರೋಗ ಕಸಿಯಿಂದಲೇ ವಾಸಿಯಾಗಿತ್ತು.

ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಸೀಮೆಗೆ ಹೆಚ್ಚು ಬೇಕಾದದ್ದು: ಡಯಾಲಿಸಿಸ್ ಮೇಲೆ ಹೆಚ್ಚು ಕಾಲ ಕಳೆದವರಲ್ಲಿ ಹೃದಯ ಮೊದಲಿನಂತಾಗುವುದು ಕಡಿಮೆ. ಬೆಳಗಾವಿಯಲ್ಲಿ ಇಂದು ಕಿಡ್ನಿ ಕಸಿ ನಡೆಯುತ್ತದೆ. ಆದರೆ ಅಥಣಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಬ್ಬಿನ ಬಿಲ್ಲು ಬರಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡಿದ ತಿಂಗಳುಗಳ ಭಾರವನ್ನೂ ಆ ಹೃದಯವೇ ಹೊರುತ್ತದೆ.

ಎಲ್ಲರಿಗೂ ಕಸಿ ಸಲ್ಲುತ್ತದೆ ಎಂದಲ್ಲ. ಹೃದಯದ ರಕ್ತನಾಳ ಕಟ್ಟಿದ್ದರೆ ಅದಕ್ಕೆ ಬೇರೆಯೇ ತಪಾಸಣೆ, ಬೇರೆಯೇ ಚಿಕಿತ್ಸೆ ಬೇಕು. ಆದ್ದರಿಂದ “ತಡಕೊಳ್ಳಾಂಗಿಲ್ಲ” ಎಂಬ ಮಾತು ಕಿವಿಗೆ ಬಿದ್ದಾಗ ಮನೆಯವರು ವೈದ್ಯರಿಗೆ ಒಂದು ಪ್ರಶ್ನೆ ಹಾಕಲಿ: ಎದೆ ಸೊರಗಿದ್ದು ಕಿಡ್ನಿಯಿಂದಲೋ, ಬೇರೆ ಕಾರಣದಿಂದಲೋ? ಕಿಡ್ನಿಯಿಂದ ಎಂದಾದರೆ, ಕಸಿಯ ಮಾತನ್ನು ಅಂದೇ ಎತ್ತಬೇಕು.